ಲೈಸೆನ್ಸ್ ಸಿಕ್ಕ ಮೇಲಿನ ಪರೀಕ್ಷೆ

ಜೇವರ್ಗಿಯಿಂದ ಬಳ್ಳಾರಿಯ ಕಡೆ ಇಳಿಯುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ಹೋಗುತ್ತದೆ. ಈ ಊರುಗಳ ಹುಡುಗನೊಬ್ಬ ಆರ್‌ಟಿಓ ಪರೀಕ್ಷೆ ಪಾಸು ಮಾಡಿ ಹೆವಿ ಲೈಸೆನ್ಸ್ ಪಡೆದನೆಂದರೆ ಕಾನೂನಿನ ಲೆಕ್ಕದಲ್ಲಿ ಅವನು ಲಾರಿ ಡ್ರೈವರ್. ಮಾಲೀಕನ ಲೆಕ್ಕದಲ್ಲಿ ಇನ್ನೂ ಆಗಿಲ್ಲ. ಮಾಲೀಕನೋ ಅವನ ನಂಬಿಕೆಯ ಹಳೆಯ ಡ್ರೈವರೋ ಪಕ್ಕದಲ್ಲಿ ಕುಳಿತು ‘ಟ್ರಯಲ್’ ನೋಡಬೇಕು. ಗೇರ್ ಹೇಗೆ ಬದಲಿಸುತ್ತಾನೆ, ರಿವರ್ಸ್ ಹೇಗೆ ಹಾಕುತ್ತಾನೆ, ಎದುರು ಗಾಡಿ ಬಂದಾಗ ಕೈ ಗಟ್ಟಿಯಿದೆಯೇ ಎಂದು ಅಳೆಯಬೇಕು. ಆಮೇಲಷ್ಟೇ ಕೀಲಿಕೈ ಕೊಡುವುದು. ಈ ಟ್ರಯಲ್‌ಗೆ ಸರಕಾರದ ನಮೂನೆಯಿಲ್ಲ, ಅಂಕಪಟ್ಟಿಯಿಲ್ಲ, ಮೇಲ್ಮನವಿಯೂ ಇಲ್ಲ. ಹೊಸಬರಲ್ಲಿ ಬಹಳಷ್ಟು ಮಂದಿ ಇಲ್ಲಿಯೇ ನಿಂತುಬಿಡುತ್ತಾರೆ. ‘ಎಕ್ಸ್‌ಪೀರಿಯನ್ಸ್ ಇಲ್ಲ’ ಎಂಬ ಒಂದು ಮಾತಿನಲ್ಲಿ ಅವರ ಅರ್ಜಿ ಮುಗಿಯುತ್ತದೆ. ಈ ಪದ್ಧತಿಯ ಚರಿತ್ರೆಯನ್ನು ಕೆದಕಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಟ್ರಯಲ್ ಹುಟ್ಟಿದ್ದು ದೀರ್ಘ ಕಲಿಕೆಯ ಕೊನೆಯ ದಿನವಾಗಿ. ಆ ಕಲಿಕೆ ಕರಗಿಹೋಗಿದೆ, ಕೊನೆಯ ದಿನ ಮಾತ್ರ ಉಳಿದಿದೆ. ಉಳಿದ ಆ ಒಂದು ದಿನದ ಮೇಲೆ ನಾವು ಹೊರಲಾಗದ ಭಾರ ಹೊರಿಸಿದ್ದೇವೆ.

ಈ ಕಸುಬು ಇಲ್ಲಿ ಬೇರೂರಿದ್ದಕ್ಕೆ ನೆಲದ ಚರಿತ್ರೆಯೇ ಕಾರಣ. ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಸರಕು ಸಾಗಿದ್ದು ಬಹುಕಾಲ ಎತ್ತಿನ ಗಾಡಿಗಳ ಮೇಲೆ, ಲಂಬಾಣಿಗರ ಹೇರೆತ್ತುಗಳ ಮೇಲೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದರೂ ಒಳನಾಡಿನ ಈ ಊರುಗಳು ದೂರವೇ ಉಳಿದವು. ನಿಜಾಮರ ಕಾಲದಲ್ಲಿ ಲಿಂಗಸುಗೂರು ಸ್ವತಃ ಜಿಲ್ಲಾಕೇಂದ್ರ, ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಬೀಡುಬಿಟ್ಟಿದ್ದ ಊರು. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ನಿಜವಾದ ಪಲ್ಲಟ ಬಂದದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ. ಜೋಳ-ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಸಿಂಧನೂರಿನ ಸುತ್ತ ಅಕ್ಕಿ ಗಿರಣಿಗಳು ಬೆಳೆದವು. ಗಿರಣಿಯ ಅಕ್ಕಿ ಹೊರಗೆ ಹೋಗಬೇಕು, ಗೊಬ್ಬರ-ಸಿಮೆಂಟು ಒಳಗೆ ಬರಬೇಕು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅಲ್ಲಿಯವರೆಗಿನ ಏಳು ದಶಕಗಳ ಆ ಹೊರೆಯನ್ನು ಹೊತ್ತದ್ದು ಲಾರಿಯೇ. ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದೂ 1954ರಲ್ಲೇ. ಕಾಲುವೆಯ ನೀರು ಮತ್ತು ಡೀಸೆಲ್ ಗಾಡಿ ಈ ನೆಲಕ್ಕೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು.

ಕಾನೂನೂ ಅದೇ ಹೊತ್ತಿಗೆ ಬಂತು. ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆ ಹೈದರಾಬಾದ್ ರಾಜ್ಯಕ್ಕೆ ಅನ್ವಯವಾದದ್ದು 1951ರಲ್ಲಿ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದೇ ಕಾಯ್ದೆ ಮುಂದುವರಿಯಿತು. ಆ ಕಾಯ್ದೆ ಒಂದು ಮುಖ್ಯ ಭೇದವನ್ನು ಗುರುತಿಸಿತ್ತು. ಸ್ವಂತಕ್ಕೆ ಓಡಿಸುವುದು ಬೇರೆ, ಸಂಬಳಕ್ಕೆ ಓಡಿಸುವುದು ಬೇರೆ. ಸಂಬಳದ ಚಾಲಕನಾಗಲು ಲೈಸೆನ್ಸಿನಲ್ಲಿ ಪ್ರತ್ಯೇಕ ಅನುಮತಿ ಬೇಕಿತ್ತು. ಆದರೆ ಪರೀಕ್ಷೆ ಅಳೆದದ್ದು ಗಾಡಿ ಹೊರಡಿಸುವುದು, ತಿರುಗಿಸುವುದು, ನಿಲ್ಲಿಸುವುದು, ಹಿಂದಕ್ಕೆ ತಂದು ಇಕ್ಕಟ್ಟಾದ ಜಾಗದಲ್ಲಿ ಸೇರಿಸುವುದು, ಸಂಜ್ಞೆಗಳನ್ನು ಅರಿಯುವುದು, ಇಷ್ಟನ್ನು. ಇಂದಿನ 1989ರ ಕೇಂದ್ರ ನಿಯಮಗಳ ಪಟ್ಟಿ ಇನ್ನೂ ಉದ್ದವಿದೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದೂ ಅದರಲ್ಲಿದೆ. ಆದರೂ ಪರೀಕ್ಷೆ ತುಂಬಿದ ಗಾಡಿಯಲ್ಲೇ ನಡೆಯಬೇಕೆಂದು ನಿಯಮ ಹೇಳುವುದಿಲ್ಲ. ಖಾಲಿ ಲಾರಿಯ ಬ್ರೇಕಿಗೂ ಅಕ್ಕಿ ಮೂಟೆ ಏರಿಸಿದ ಲಾರಿಯ ಬ್ರೇಕಿಗೂ ಇರುವ ಅಂತರ ಈ ಕಸುಬಿನ ಮೊದಲ ಪಾಠ. ಅದು ಪರೀಕ್ಷೆಯ ಹೊರಗೆ ಉಳಿಯಿತು. ರಾತ್ರಿಯ ಓಟ, ಎರೆಮಣ್ಣಿನ ರಸ್ತೆಬದಿಗೆ ಮಳೆಗಾಲದಲ್ಲಿ ಗಾಲಿ ಇಳಿದರೆ ಆಗುವ ಗತಿ, ಹಗ್ಗ ಸಡಿಲಾಗಿ ಲೋಡು ಒಂದು ಬದಿಗೆ ವಾಲುವುದು, ಇವೂ ಹೊರಗೇ ಉಳಿದವು.

ಆ ಕೊರತೆಯನ್ನು ತುಂಬಿದ್ದು ಕ್ಲೀನರ್ ಪದ್ಧತಿ. ಹಳ್ಳಿಯ ಹುಡುಗ ಮೊದಲು ಕ್ಲೀನರಾಗಿ ಗಾಡಿ ಹತ್ತುತ್ತಿದ್ದ. ಗಾಜು ಒರೆಸುವುದು, ರೇಡಿಯೇಟರಿಗೆ ನೀರು ಹಾಕುವುದು, ಟೈರಿಗೆ ಬಡಿದು ಗಾಳಿ ನೋಡುವುದು, ತಾಡಪತ್ರಿ ಎಳೆದು ಹಗ್ಗ ಬಿಗಿಯುವುದು, ಏರಿನಲ್ಲಿ ಗಾಡಿ ನಿಂತರೆ ಗಾಲಿಗೆ ಕಲ್ಲು ಕೊಡುವುದು, ರಿವರ್ಸ್ ಹೊತ್ತಿನಲ್ಲಿ ಹಿಂದೆ ನಿಂತು ಕೂಗಿ ದಾರಿ ತೋರುವುದು ಅವನ ಕೆಲಸ. ಪಕ್ಕದಲ್ಲಿ ಕುಳಿತೇ ಅವನು ರಸ್ತೆಯನ್ನು ಓದಲು ಕಲಿಯುತ್ತಿದ್ದ. ಆಮೇಲೆ ಗಿರಣಿಯ ಅಂಗಳದಲ್ಲಿ ಗಾಡಿ ಸರಿಸುವುದು, ಬಯಲು ರಸ್ತೆಯಲ್ಲಿ ಉಸ್ತಾದನ, ಅಂದರೆ ಗಾಡಿಯ ಹಿರಿಯ ಡ್ರೈವರಿನ, ಕಣ್ಣಳತೆಯಲ್ಲಿ ಸ್ಟೇರಿಂಗ್ ಹಿಡಿಯುವುದು. ಈ ಭಾಗದ ಡ್ರೈವರಿಗೆ ಇದು ಬಹಳ ಮುಖ್ಯವಾಗಿತ್ತು. ಸಿಂಧನೂರು-ಮಸ್ಕಿಯ ಸೀಮೆ ಸಮತಟ್ಟು. ಘಾಟಿಯ ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಂಜಿನ್ನಿನಿಂದಲೇ ಗಾಡಿ ತಡೆಹಿಡಿಯುವ ವಿದ್ಯೆ ಊರಲ್ಲಿ ಕಲಿಯಲು ಸಿಗದು. ಕರಾವಳಿಗೆ ಲೋಡು ಹೋದಾಗ ಉಸ್ತಾದನ ಪಕ್ಕದಲ್ಲಿ ಕುಳಿತು ನೋಡಿದವನಿಗಷ್ಟೇ ಅದು ದಕ್ಕುತ್ತಿತ್ತು. 1975ರಲ್ಲಿ ರಾಜ್ಯದ ಗಡಿ ದಾಟಿ ಓಡಲು ಬಿಡುವ ನ್ಯಾಷನಲ್ ಪರ್ಮಿಟ್ ಬಂತು. ಮುಂದೆ ಅಂಥ ಗಾಡಿಯಲ್ಲಿ ಇಬ್ಬರು ಡ್ರೈವರ್‌ಗಳಿರಬೇಕೆಂಬ ನಿಯಮ ಹೊಸಬನಿಗೆ ಎರಡನೇ ಸೀಟನ್ನು ಕಾಯ್ದಿಟ್ಟಿತು. ಇಷ್ಟೆಲ್ಲ ಆದ ಮೇಲೆ ನಡೆಯುತ್ತಿದ್ದ ಟ್ರಯಲ್ ಬರೀ ಔಪಚಾರಿಕ. ಮಾಲೀಕನಿಗೆ ಹುಡುಗ ಎಂಥವನೆಂದು ಮೊದಲೇ ಗೊತ್ತಿರುತ್ತಿತ್ತು, ಉಸ್ತಾದನ ಮಾತೇ ಪ್ರಮಾಣಪತ್ರವಾಗಿತ್ತು.

ಮಾಲೀಕನ ಈ ಪರೀಕ್ಷೆ ಬರೀ ರೂಢಿಯ ಮಾತಲ್ಲ. ನ್ಯಾಯಾಲಯವೂ ಅದಕ್ಕೆ ತೂಕ ಕೊಟ್ಟಿದೆ. 1987ರ ಸ್ಕ್ಯಾಂಡಿಯಾ ಇನ್ಶೂರೆನ್ಸ್ ಪ್ರಕರಣದಲ್ಲಿ ಡ್ರೈವರ್ ತಿಂಡಿ ತರಲು ಇಳಿದಾಗ, ಲೈಸೆನ್ಸ್ ಇಲ್ಲದ ಕ್ಲೀನರ್ ಲಾರಿ ಓಡಿಸಿ ಅಪಘಾತವಾಗಿತ್ತು. ಲೈಸೆನ್ಸ್ ಇದ್ದ ಡ್ರೈವರನ್ನೇ ನೇಮಿಸಿದ್ದ ಮಾಲೀಕ ತನ್ನ ಕಡೆಯ ಕರ್ತವ್ಯ ಮಾಡಿದ್ದಾನೆ, ವಿಮಾ ಕಂಪನಿ ಪರಿಹಾರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2003ರಲ್ಲಿ ಲೇಹ್ರು ಪ್ರಕರಣದ ತೀರ್ಪು ಇನ್ನೂ ನೇರವಾಗಿತ್ತು. ಡ್ರೈವರನ್ನು ನೇಮಿಸಿಕೊಳ್ಳುವಾಗ ಮಾಲೀಕ ಲೈಸೆನ್ಸ್ ನೋಡಬೇಕು. ಮೇಲ್ನೋಟಕ್ಕೆ ಅದು ಅಸಲಿಯೆಂದು ಕಂಡರೆ ಊರೂರಿನ ಆರ್‌ಟಿಓ ಕಚೇರಿಗೆ ಅಲೆದು ಖಾತ್ರಿ ಮಾಡಿಕೊಳ್ಳಬೇಕಾಗಿಲ್ಲ. ಆದರೆ ಅವನ ಚಾಲನೆಯನ್ನು ಪರೀಕ್ಷಿಸಿ, ಸಮರ್ಥನೆಂದು ಕಂಡ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ ಎಂಬುದು ಆ ತೀರ್ಪಿನ ತರ್ಕ. ಮಾಲೀಕನ ಕಡೆಯಿಂದ ಎಚ್ಚರ ತಪ್ಪಿತೆಂದು ವಿಮಾ ಕಂಪನಿಯೇ ಸಾಬೀತು ಮಾಡಬೇಕೆಂದು 2004ರ ಸ್ವರಣ್ ಸಿಂಗ್ ತೀರ್ಪು ಹೇಳಿತು. ಅಂದರೆ ಲಾರಿ ಸ್ಟ್ಯಾಂಡಿನಲ್ಲಿ ಬಾಯಿಮಾತಿನಲ್ಲಿ ನಡೆಯುವ ಟ್ರಯಲ್ ಕಾನೂನಿನ ಕಣ್ಣಿಗೆ ಮಾಲೀಕನ ಎಚ್ಚರಕ್ಕೆ ಸಾಕ್ಷಿ. ಇಷ್ಟು ಬೆಲೆಯುಳ್ಳ ಪರೀಕ್ಷೆಗೆ ಒಂದು ಸಾಲಿನ ದಾಖಲೆಯೂ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಈಗ ಬದಲಾದದ್ದೇನು? ಕಲಿಕೆಯ ಹಾದಿ ಗಾಡಿಯಿಂದ ಶಾಲೆಗೆ ಸರಿಯಿತು. 1989ರ ನಿಯಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಸಾರಿಗೆ ವಾಹನದ ತರಬೇತಿಗೆ ಕನಿಷ್ಠ 30 ದಿನ, ಅದರಲ್ಲಿ 15 ಗಂಟೆ ಚಾಲನೆ ಎಂದು ಗೊತ್ತುಮಾಡಿದವು. ಇಬ್ಬರು ಡ್ರೈವರ್‌ಗಳ ಕಡ್ಡಾಯ 2018ರಲ್ಲಿ ಹೋಯಿತು. ಎಂಟನೇ ತರಗತಿ ಓದಿರಬೇಕೆಂಬ ಷರತ್ತು 2019ರಲ್ಲಿ ಹೋದದ್ದು ಓದಲಾಗದ ಬಡಮಕ್ಕಳಿಗೆ ನ್ಯಾಯವೇ ಆಯಿತು, ಆದರೆ ಕೌಶಲದ ಹೊಣೆ ಪೂರ್ತಿ ತರಬೇತಿಯ ಮೇಲೆ ಬಿತ್ತು. ಇತ್ತ ಬಾಡಿಗೆಯಲ್ಲಿ ಉಳಿಯುವುದು ಕಡಿಮೆಯಾದಂತೆ ಮಾಲೀಕರು ಕ್ಲೀನರ್ ಸಂಬಳವನ್ನೇ ಮೊದಲು ಕಡಿದರು. ಒಬ್ಬನೇ ಡ್ರೈವರ್ ಗಾಡಿ ಹೊರಡಿಸುವ ಕಾಲ ಬಂತು. ಪಕ್ಕದ ಸೀಟು ಖಾಲಿಯಾದಾಗ ಹೋದದ್ದು ಒಂದು ಕೂಲಿ ಮಾತ್ರವಲ್ಲ, ಒಂದು ಪಾಠಶಾಲೆ. ಈಗ ಮಾಲೀಕ ಯಾರನ್ನೂ ಬಲ್ಲವನಲ್ಲ. ಅಪರಿಚಿತ ಹುಡುಗನನ್ನು ಅರ್ಧ ಗಂಟೆಯಲ್ಲಿ ಅಳೆಯಬೇಕು. ಹೆದರಿದವನು ಎಲ್ಲ ಹೊಸಬರನ್ನೂ ತಿರಸ್ಕರಿಸುತ್ತಾನೆ. ಸುಗ್ಗಿಯಲ್ಲಿ ಗಿರಣಿಗಳ ಮುಂದೆ ಲೋಡು ಕಾದು ನಿಂತಾಗ ಅದೇ ಮಾಲೀಕ ಟ್ರಯಲ್ ಇಲ್ಲದೆಯೂ ಗಾಡಿ ಕೊಟ್ಟಾನು. ಒಮ್ಮೆ ಅತಿ ಬಿಗಿ, ಒಮ್ಮೆ ಪೂರ್ತಿ ಸಡಿಲ. ಎರಡೂ ಹೊಸಬನ ಜೀವಕ್ಕೂ ರಸ್ತೆಯ ಮೇಲಿನವರ ಜೀವಕ್ಕೂ ಕೇಡು.

ಹಳೆಯ ಪದ್ಧತಿಯನ್ನು ಹೊಗಳುತ್ತಿದ್ದೀರಿ, ಅದು ಶೋಷಣೆಯಲ್ಲವೇ ಎಂದು ಕೇಳಬಹುದು. ಹೌದು, ಶೋಷಣೆಯೇ. ಎಳೆಯ ಹುಡುಗರು ಊಟ-ಭತ್ತಾದ ಮೇಲೆ ವರ್ಷಗಟ್ಟಲೆ ದುಡಿದರು, ಗಾಡಿಯ ಕೆಳಗೇ ಮಲಗಿದರು, ಲೈಸೆನ್ಸ್ ಇಲ್ಲದೆ ಸ್ಟೇರಿಂಗ್ ಹಿಡಿದರು. ಸ್ಕ್ಯಾಂಡಿಯಾ ಪ್ರಕರಣದಂಥ ದುರಂತಗಳು ಆ ಪದ್ಧತಿಯ ಒಡಲಿನಿಂದಲೇ ಬಂದವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿದ್ದು ನಿಜ. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕನ ಹುಡುಗನಿಗೆ ಅದರ ನೆರಳೂ ಬೀಳಲಿಲ್ಲ. ಆದ್ದರಿಂದ ಆ ಪದ್ಧತಿ ಮರಳಿ ಬರಬಾರದು. ಅದರಿಂದ ಉಳಿಸಿಕೊಳ್ಳಬೇಕಾದದ್ದು ಒಂದೇ: ಚಾಲನೆಯ ಅರ್ಹತೆಯನ್ನು ಒಂದು ಗಳಿಗೆಯಲ್ಲಿ ಅಳೆಯಲಾಗದು, ಲೋಡು-ರಾತ್ರಿ-ಘಾಟಿ ಮೂರನ್ನೂ ಅನುಭವಿಯ ಪಕ್ಕದಲ್ಲಿ ದಾಟಿದ ಮೇಲಷ್ಟೇ ಅಳೆಯಬಹುದು ಎಂಬ ತಿಳಿವಳಿಕೆ.

ಸರಕಾರದ ಹೊಸ ವ್ಯವಸ್ಥೆ ಇದನ್ನೆಲ್ಲ ನೋಡಿಕೊಳ್ಳುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. 2021ರ ಜುಲೈನಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಂತೆ ಭಾರೀ ವಾಹನಕ್ಕೆ 6 ವಾರಗಳಲ್ಲಿ 38 ಗಂಟೆ ತರಬೇತಿ. ಅಲ್ಲಿ ಪಾಸಾದವರಿಗೆ ಆರ್‌ಟಿಓ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಇದು ಹಿಂದಿನದಕ್ಕಿಂತ ಖಂಡಿತ ಮೇಲು. ಆದರೂ ಅದು ಲೈಸೆನ್ಸಿನವರೆಗಿನ ತರಬೇತಿ. ಬ್ರಿಟನ್ 1934ರ ಕಾಯ್ದೆಯಲ್ಲೇ ಭಾರೀ ಸರಕು ಲಾರಿಗೆ ಪ್ರತ್ಯೇಕ ಲೈಸೆನ್ಸ್ ತಂದ ದೇಶ. ಅಲ್ಲೂ ಯುರೋಪಿಯನ್ ಒಕ್ಕೂಟದ ದೇಶಗಳಲ್ಲೂ 2009ರಿಂದ ಸರಕು ಲಾರಿ ಚಾಲಕರಿಗೆ ಲೈಸೆನ್ಸಿನ ಜೊತೆ ವೃತ್ತಿ ಅರ್ಹತೆ ಬೇರೆಯಾಗಿ ಬೇಕು, ಐದು ವರ್ಷಕ್ಕೊಮ್ಮೆ 35 ಗಂಟೆಗಳ ಮರುತರಬೇತಿಯೂ ಕಡ್ಡಾಯ. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಚಾಲಕರನ್ನು ಆರಿಸುವಾಗ ಲೈಸೆನ್ಸ್ ನೋಡಿ ಸುಮ್ಮನಾಗುವುದಿಲ್ಲ. ಚಾಲನಾ ವೃತ್ತಿ ಪರೀಕ್ಷೆ ನಡೆಸುತ್ತದೆ. ಹುಮನಾಬಾದಿನ ಗಣಕೀಕೃತ ಪಥದಲ್ಲಿ ಅಂಕ ಕೊಡುವುದು ಯಂತ್ರ. ಬಸ್ಸಿನ ಸ್ಟೇರಿಂಗಿಗೆ ಬೇಕಾದ ಎರಡನೇ ಪರೀಕ್ಷೆ ಲಾರಿಯ ಸ್ಟೇರಿಂಗಿಗೆ ಬೇಡವೆನ್ನಲು ಕಾರಣವಿಲ್ಲ.

ಸಣ್ಣ ಮಾಲೀಕನಿಗೆ ಇದು ಕೈಗೆಟುಕುವುದೇ, ಡ್ರೈವರ್‌ಗಳೇ ಸಿಗದ ಕಾಲದಲ್ಲಿ ಇನ್ನೊಂದು ಅಡ್ಡಗೋಡೆ ಏಕೆ ಎಂಬ ಮಾತಿಗೂ ಉತ್ತರ ಬೇಕು. ಅಡ್ಡಗೋಡೆ ಈಗಾಗಲೇ ಇದೆ. ಅದು ಕಾಣುವುದಿಲ್ಲ ಅಷ್ಟೆ. ಎಲ್ಲರೂ ಅನುಭವಿಯನ್ನೇ ಕೇಳಿ ಯಾರೂ ಅನುಭವ ಕೊಡದಿದ್ದರೆ ಡ್ರೈವರ್‌ಗಳ ಕೊರತೆ ಹೆಚ್ಚದೆ ಇನ್ನೇನಾದೀತು? ಲಿಂಗಸುಗೂರು, ಸಿಂಧನೂರುಗಳಲ್ಲಿ ಸಾರಿಗೆ ನಿಗಮದ ಡಿಪೋಗಳಿವೆ, ಪರಿಣತ ಚಾಲಕರಿದ್ದಾರೆ. ಲಾರಿ ಮಾಲೀಕರು ಒಟ್ಟಾಗಿ, ಸುಗ್ಗಿಗೆ ಮೊದಲು, ಒಂದೇ ನಮೂನೆಯ ಟ್ರಯಲ್ ನಡೆಸಬಹುದು: ತುಂಬಿದ ಗಾಡಿಯಲ್ಲಿ, ಹಗಲೊಮ್ಮೆ ರಾತ್ರಿಯೊಮ್ಮೆ, ಕಟ್ಟಿದ ಲೋಡಿನ ತಪಾಸಣೆಯೂ ಸೇರಿ. ಫಲಿತಾಂಶ ಬರಹದಲ್ಲಿ ಹುಡುಗನ ಕೈಗೆ ಸಿಗಬೇಕು, ಸೋತಲ್ಲಿ ಏಕೆ ಸೋತನೆಂದು ತಿಳಿಯಬೇಕು. ಪಾಸಾದವನು ಮೊದಲ ಘಾಟಿ ಓಟಗಳನ್ನು ಹಿರಿಯ ಡ್ರೈವರಿನ ಜೊತೆ, ಪೂರ್ತಿ ಸಂಬಳದ ಮೇಲೆ, ಮುಗಿಸಬೇಕು. ಖರ್ಚಿನ ಪ್ರಶ್ನೆಗೆ ಲೇಹ್ರು ತೀರ್ಪೇ ಉತ್ತರ ಕೊಡುತ್ತದೆ: ಅಪಘಾತದ ಮರುದಿನ ನ್ಯಾಯಮಂಡಳಿಯ ಮುಂದೆ ನಿಂತ ಮಾಲೀಕನಿಗೆ ಸಹಿಯಿರುವ ಆ ಹಾಳೆ ಬಾಯಿಮಾತಿಗಿಂತ ದೊಡ್ಡ ರಕ್ಷಣೆ. ಕಾಲುವೆಯ ನೀರು ಈ ನಾಡಿಗೆ ಭತ್ತ ಕೊಟ್ಟಿತು. ಅದನ್ನು ದೇಶಕ್ಕೆ ಮುಟ್ಟಿಸಿದ್ದು ಲಾರಿಯ ಮೇಲೆ ಕುಳಿತ ಹಳ್ಳಿಯ ಹುಡುಗರು. ಹಿಂದೆ ಅವರು ತಮ್ಮ ಬಾಲ್ಯವನ್ನು ತೆತ್ತು ಕಸುಬು ಕಲಿತರು. ಇಂದಿನವರು ಆ ಬೆಲೆ ತೆರದೆ ಕಲಿಯುವಂತೆ ಮಾಡುವುದು ಅವರ ದುಡಿಮೆಯಿಂದ ಬದುಕಿದ ಗಿರಣಿಗೂ ಮಾಲೀಕನಿಗೂ ಸರಕಾರಕ್ಕೂ ಸೇರಿದ ಋಣ.