ಆಧಾರವೂ ಪ್ರಮಾಣವೂ: ಎತ್ತರದ ಕೆಲಸದವರ ರಕ್ಷಣೆಯ ಚರಿತ್ರೆಯಲ್ಲಿ ಕೆಲವು ವಿಚಾರಗಳು

ತುಂಗಭದ್ರಾ ನದಿಯ ದಡದಲ್ಲಿರುವ ಕೆಂಚನಗುಡ್ಡವು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ಗ್ರಾಮ. ಶ್ರೀರಾಘವೇಂದ್ರಸ್ವಾಮಿಗಳ ಮಠದ ಪರಂಪರೆಯಲ್ಲಿ ಬಂದ ಶ್ರೀವಸುಧೇಂದ್ರತೀರ್ಥರ ಬೃಂದಾವನವು ಇಲ್ಲಿರುವುದರಿಂದ ಯಾತ್ರಿಕರಿಗೂ, ಹಳೆಯ ಅಣೆಕಟ್ಟಿನ ದೆಸೆಯಿಂದ ಚರಿತ್ರಕಾರರಿಗೂ ಈ ಸ್ಥಳವು ಪರಿಚಿತವಾದುದು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಮೊದಲಾದ ವಿಜಯನಗರ ಕಾಲದ ಕಾಲುವೆಗಳು ಈ ಸೀಮೆಯ ಗದ್ದೆಗಳಿಗೆ ಶತಮಾನಗಳಿಂದ ನೀರುಣಿಸುತ್ತ ಬಂದಿವೆ. ಇಂತಹ ಕಟ್ಟಡಗಳನ್ನು ಕಟ್ಟಿಸಿದ ಅರಸರ ಹೆಸರುಗಳನ್ನು ಶಾಸನಗಳು ಹೇಳುತ್ತವೆ; ಕಲ್ಲನ್ನು ಎತ್ತಿದವನು ಯಾವ ಹಗ್ಗವನ್ನು ನಂಬಿ ನಿಂತಿದ್ದನು, ಆ ಹಗ್ಗ ಗಟ್ಟಿಯೆಂದು ಹೇಳುವ ಹೊಣೆ ಯಾರದಾಗಿತ್ತು ಎಂಬುದನ್ನು ಹೇಳುವುದಿಲ್ಲ. ಎತ್ತರದಲ್ಲಿ ದುಡಿಯುವವನ ದೇಹವನ್ನು ಹಿಡಿದು ನಿಲ್ಲಿಸುವ ಆಧಾರವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯು ಇಂದು ಲೋಕರೂಢವಾಗಿದೆ. ಅದರ ಹಿಂದಿರುವ ಭಾವನೆಯು ಯಾವ ಹಾದಿಯಲ್ಲಿ ಬೆಳೆದು ಬಂದಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಯೆಂಬುದು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿತ್ತೆಂದು ತಿಳಿಯಲಾಗದು. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ ಸಂಸ್ಕೃತ ಶಾಸನವು 1369ನೆಯ ಇಸವಿಯದು. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ವರ್ಜಿಸಬೇಕಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಕಟ್ಟೆಯಿಂದ ನೀರು ಜಿನುಗುವುದು ದೋಷ. ನೆಲ ಚೌಳಾಗಿರುವುದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ದೋಷವೇ. ಲಕ್ಷಣವನ್ನು ಮೊದಲು ಹೇಳಿ, ಆ ಬಳಿಕ ದೋಷವನ್ನು ವಿಂಗಡಿಸುವ ಈ ಕ್ರಮವು ಶಾಸ್ತ್ರಸಂಪ್ರದಾಯಕ್ಕೆ ಸಹಜವಾದುದು. ಇಂದಿನ ಪರೀಕ್ಷಾಪಟ್ಟಿಯ ಕ್ರಮವೂ ಇದೇ ಆಗಿದೆ. ಆದರೆ ಅದೇ ಶಾಸನವು ಎರಡು ವರ್ಷ ದಿನವೂ ದುಡಿದ ಸಾವಿರ ಆಳುಗಳನ್ನೂ ನೂರು ಬಂಡಿಗಳನ್ನೂ ಹೇಳುವಾಗ ಕೇವಲ ಸಂಖ್ಯೆಯಾಗಿ ಹೇಳುತ್ತದೆ. ಅಲ್ಲಿ ದೋಷವಿಚಾರವಿರುವುದು ಕಟ್ಟೆಗೆ. ಕಟ್ಟೆಯ ಮೇಲೆ ನಿಂತವನ ಕಾಲ್ನೆಲೆಗೆ ಅಲ್ಲ.

ಕನ್ನಡ ಶಾಸನಗಳಲ್ಲಿ ಬರುವ ಎರಡು ಶಬ್ದಗಳೂ ಇಲ್ಲಿ ಗಮನಾರ್ಹವಾಗಿವೆ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿಡುವವರಿಗೆ ಬಿಟ್ಟುಕೊಟ್ಟ ಭೂಮಿಗೆ ಕಟ್ಟುಗೊಡಗೆಯೆಂದು ಹೆಸರು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟುದು ನೆತ್ತರುಗೊಡಗೆ. ಕಟ್ಟಿದ ವಸ್ತುವು ಒಮ್ಮೆ ಕಟ್ಟಿದ ಮಾತ್ರಕ್ಕೆ ಉಳಿಯದು, ಅದಕ್ಕೆ ನಿತ್ಯವೂ ಆರೈಕೆ ಬೇಕು ಎಂಬ ಅರಿವು ಮೊದಲನೆಯ ಶಬ್ದದಲ್ಲಿದೆ. ಕರ್ತವ್ಯದಲ್ಲಿ ಪ್ರಾಣ ತೆತ್ತವನ ಋಣವು ಸಮಾಜದ ಮೇಲಿರುತ್ತದೆ ಎಂಬ ಅರಿವು ಎರಡನೆಯದರಲ್ಲಿದೆ. ಈ ಎರಡು ಅರಿವುಗಳು ಒಂದುಗೂಡಿ, ಕೆಲಸಗಾರನ ಪ್ರಾಣವನ್ನು ಮೊದಲೇ ಕಾಯುವ ವ್ಯವಸ್ಥೆಯಾಗಲು ಬಹುಕಾಲ ಹಿಡಿಯಿತು.

ಕಟ್ಟಡವು ಮುರಿದು ಬಿದ್ದಾಗ ಅದಕ್ಕೆ ಯಾವ ಕಾರಣವನ್ನು ಕಲ್ಪಿಸುತ್ತಿದ್ದರು ಎಂಬುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ಬರಹವು ಒಂದು ನಿದರ್ಶನ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದ ಬಳಿ ಕಟ್ಟುತ್ತಿದ್ದ ದೊಡ್ಡ ಕೆರೆಯು ಎರಡು ಮೂರು ಸಲ ಒಡೆಯಿತೆಂದೂ, ದೇವತೆಯು ಪ್ರಸನ್ನವಾಗಿಲ್ಲವೆಂಬ ಮಾತಿನ ಮೇಲೆ ಮನುಷ್ಯರನ್ನೂ ಪ್ರಾಣಿಗಳನ್ನೂ ಬಲಿಗೊಟ್ಟರೆಂದೂ ಅವನು ಬರೆದಿದ್ದಾನೆ. ವಿದೇಶೀಯನೊಬ್ಬನ ಲೇಖನದಿಂದ ಮಾತ್ರವೇ ಒಂದು ಕಾಲದ ಸ್ವಭಾವವನ್ನು ನಿರ್ಣಯಿಸುವುದು ಸಾಧುವಲ್ಲ. ಆದರೂ ಒಡೆದ ಕಟ್ಟೆಗೆ ಕಾರಣವನ್ನು ಕಟ್ಟೆಯ ಹೊರಗೆ ಹುಡುಕುವ ಪ್ರವೃತ್ತಿಯು ಮನುಷ್ಯರಿಗೆ ಎಷ್ಟು ಸುಲಭವಾದುದೆಂಬುದು ಅದರಿಂದ ತಿಳಿಯುತ್ತದೆ.

ಧರ್ಮಶಾಸ್ತ್ರದ ವಿಚಾರವು ಇದಕ್ಕಿಂತ ಸೂಕ್ಷ್ಮತರವಾಗಿದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದ ಉಂಟಾಗುವ ಹಾನಿಯ ಪ್ರಕರಣವೊಂದುಂಟು. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚಾಗಲಿ ಗಾಲಿಯಾಗಲಿ ಮುರಿದರೆ, ಹಗ್ಗ ಕಡಿದರೆ ದಂಡವಿಲ್ಲವೆಂದು ಅಲ್ಲಿ ಹತ್ತು ಸಂದರ್ಭಗಳು ಎಣಿಸಲ್ಪಟ್ಟಿವೆ. ಆದರೆ ಸಾರಥಿಯು ಅಕುಶಲನಾದ ಕಾರಣ ಬಂಡಿಯು ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ದಂಡ ವಿಧಿಸಲ್ಪಟ್ಟಿದೆ. ಇದರ ತಾತ್ಪರ್ಯವಿಷ್ಟು: ಅರಿಯದವನನ್ನು ಕೆಲಸಕ್ಕೆ ನೇಮಿಸಿದ ಹೊಣೆ ಒಡೆಯನದು, ಹಗ್ಗ ಕಡಿದರೆ ಮಾತ್ರ ಅದು ಯಾರ ಹೊಣೆಯೂ ಅಲ್ಲ. ಹಗ್ಗವು ದೈವದ ಪಕ್ಷದಲ್ಲಿತ್ತು, ಸಾರಥಿಯು ಒಡೆಯನ ಪಕ್ಷದಲ್ಲಿದ್ದನು. ಆಧುನಿಕ ಶಾಸನವು ಮಾಡಿದ ಮುಖ್ಯವಾದ ಬದಲಾವಣೆಯೆಂದರೆ ಹಗ್ಗವನ್ನು ಆ ಪಕ್ಷದಿಂದ ಈ ಪಕ್ಷಕ್ಕೆ ತಂದುದೇ ಆಗಿದೆ.

1948ನೆಯ ಇಸವಿಯ ಭಾರತದ ಫ್ಯಾಕ್ಟರಿ ಶಾಸನದ 29ನೆಯ ಪ್ರಕರಣವು ಭಾರವನ್ನಾಗಲಿ ಮನುಷ್ಯರನ್ನಾಗಲಿ ಎತ್ತಿ ಇಳಿಸುವ ಯಂತ್ರ, ಸರಪಳಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹನಾದವನು ಕೂಲಂಕಷವಾಗಿ ಪರೀಕ್ಷಿಸಬೇಕೆಂದೂ, ಪರೀಕ್ಷೆಯ ವಿವರವನ್ನು ದಾಖಲೆಯಲ್ಲಿಡಬೇಕೆಂದೂ ವಿಧಿಸಿತು. ಬೀಳುವ ಸಂಭವವಿರುವ ಎತ್ತರದಲ್ಲಿ ದುಡಿಯುವವರ ರಕ್ಷಣೆಯು ಅದರ 32ನೆಯ ಪ್ರಕರಣದ ವಿಷಯವಾಯಿತು. ಸಾರುವೆಯ ಮೇಲೆ ನಿಂತು ಕೆಲಸ ಮಾಡುವ ಕಟ್ಟಡ ಕೆಲಸದವರಿಗಾಗಿ ಪ್ರತ್ಯೇಕವಾದ ಕೇಂದ್ರ ಶಾಸನವು ಬಂದುದು 1996ರಲ್ಲಿ. ಕಾರ್ಖಾನೆಯ ಸರಪಳಿಗೂ ಸಾರುವೆಯ ಮನುಷ್ಯನಿಗೂ ನಡುವೆ ನಲವತ್ತೆಂಟು ವರ್ಷಗಳ ಅಂತರವಿದ್ದಿತೆಂಬುದನ್ನು ಮರೆಯಲಾಗದು.

ಇನ್ನು ಪರೀಕ್ಷೆಯ ಸ್ವರೂಪ. ಆಂಕರ್ ಎಂದು ಕರೆಯಲ್ಪಡುವ ಆಧಾರಬಿಂದುವು ಕಟ್ಟಡಕ್ಕೆ ಭದ್ರವಾಗಿ ಕೂಡಿಸಿದ ಕೊಂಡಿ. ಕೆಲಸಗಾರನ ಮೈಮೇಲಿನ ಹಾರ್ನೆಸ್ ಪಟ್ಟಿಯಿಂದ ಹೊರಟ ಹಗ್ಗವು ಇದರಲ್ಲಿ ಕೊನೆಗೊಳ್ಳುತ್ತದೆ. ಮನುಷ್ಯನ ತೂಕವನ್ನು ತಡೆದರೆ ಸಾಕೆಂದು ಲೋಕವು ಭಾವಿಸುವುದುಂಟು, ಅದು ಭ್ರಾಂತಿ. ನೂರು ಕಿಲೋಗ್ರಾಂ ತೂಕದವನು ಸುಮ್ಮನೆ ತೂಗಿದಾಗ ಕೊಂಡಿಯ ಮೇಲೆ ಬೀಳುವ ಬಲವು ಸುಮಾರು ಒಂದು ಕಿಲೋನ್ಯೂಟನ್. ಅವನೇ ಬಿದ್ದು, ಹಗ್ಗವು ಅವನನ್ನು ತಡೆದು ನಿಲ್ಲಿಸಿದಾಗ, ಆಘಾತವನ್ನು ಹೀರುವ ಸಾಧನವಿದ್ದರೂ ಯೂರೋಪಿನ ನಿಯಮವು ಅನುಮತಿಸುವ ಮೇರೆ ಆರು ಕಿಲೋನ್ಯೂಟನ್. ಆದುದರಿಂದಲೇ ಅಮೆರಿಕೆಯ ನಿಯಮವು ಒಬ್ಬನನ್ನು ಹಿಡಿಯುವ ಆಧಾರವು 5000 ಪೌಂಡು, ಎಂದರೆ ಸುಮಾರು 22 ಕಿಲೋನ್ಯೂಟನ್ ಬಲವನ್ನು ತಡೆಯಬೇಕೆನ್ನುತ್ತದೆ. ಇಲ್ಲವೇ ಅರ್ಹನ ಮೇಲ್ವಿಚಾರಣೆಯಲ್ಲಿ ಇಮ್ಮಡಿ ಭದ್ರತೆಯಿಂದ ರಚಿತವಾಗಿರಬೇಕು. ತುಕ್ಕು, ಬಿರುಕು, ಬಾಗು, ಸಡಿಲಗೊಂಡ ಬೋಲ್ಟು, ಸುತ್ತಲಿನ ಗಾರೆಯ ಒಡಕು ಇವು ಪರೀಕ್ಷಕನು ನೋಡಬೇಕಾದ ದೋಷಗಳು. ಒಮ್ಮೆ ಬಿದ್ದವನನ್ನು ತಡೆದ ಸಾಧನವು ಹೊರನೋಟಕ್ಕೆ ನಿರ್ದೋಷವಾಗಿ ಕಂಡರೂ, ಮತ್ತೆ ಪರೀಕ್ಷೆಯಾಗುವವರೆಗೆ ಉಪಯೋಗಕ್ಕೆ ಬಾರದು.

ಪ್ರಮಾಣಪತ್ರವೆಂಬ ಶಬ್ದವು ಇಲ್ಲಿ ವಿಶೇಷ ಅರ್ಥವನ್ನು ಪಡೆಯುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದ್ದಾರೆ. ಕೊಂಡಿಯನ್ನು ಕಣ್ಣಿಂದ ನೋಡುವುದು, ಎಳೆದು ನೋಡುವುದು ಪ್ರತ್ಯಕ್ಷ. ಲೆಕ್ಕದಿಂದ ಅದರ ಬಲವನ್ನು ಸಾಧಿಸುವುದು ಅನುಮಾನ. ಆದರೆ ಮೇಲೆ ಹತ್ತುವ ಕೆಲಸಗಾರನಿಗೆ ಗಾರೆಯೊಳಗೆ ಹುದುಗಿದ ಬೋಲ್ಟಿನ ಪ್ರತ್ಯಕ್ಷವಿಲ್ಲ, ಲೆಕ್ಕದ ಅನುಮಾನವೂ ಇಲ್ಲ. ಅವನಿಗಿರುವುದು ಪತ್ರದ ಮೇಲಿನ ಮಾತು, ಅಂದರೆ ಶಬ್ದಪ್ರಮಾಣವೊಂದೇ. ಶಬ್ದವು ಪ್ರಮಾಣವಾಗುವುದು ಅದು ಆಪ್ತನ ವಾಕ್ಯವಾದಾಗ ಮಾತ್ರ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ನೋಡದೆ ರುಜು ಹಾಕಿದ ಪರೀಕ್ಷಕನು ಮೊದಲನೆಯ ಲಕ್ಷಣವನ್ನು ಕಳೆದುಕೊಳ್ಳುತ್ತಾನೆ. ಕಂಡ ದೋಷವನ್ನು ಮುಚ್ಚಿದವನು ಎರಡನೆಯದನ್ನು. ಇಬ್ಬರ ಪತ್ರವೂ ಅಕ್ಷರಸಮೂಹವೇ ಹೊರತು ಪ್ರಮಾಣವಲ್ಲ.

ಈ ವಿಚಾರವು ತುಂಗಭದ್ರಾ ತೀರಕ್ಕೆ ಹೊರಗಿನದಲ್ಲ. ಕೆಂಚನಗುಡ್ಡಕ್ಕೆ ಮೇಲ್ದಿಕ್ಕಿನಲ್ಲಿ, ಹೊಸಪೇಟೆಯ ಬಳಿ, 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿಗೆ ಮೂವತ್ತಮೂರು ಬಾಗಿಲುಗಳು. 2024ನೆಯ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭೋರ್ಗರೆವ ನೀರಿನ ಮೇಲೆ ಉಕ್ಕಿನ ತಡೆಗಳನ್ನು ತೂಗಿ ಇಳಿಸಿ, ಆಗಸ್ಟ್ 17ರ ವೇಳೆಗೆ ಪ್ರವಾಹವನ್ನು ಅಡಗಿಸಲಾಯಿತು. ಮುಂಗಾರಿನ ಮುನ್ನ, ಮುಂಗಾರಿನ ಅನಂತರ ಅಣೆಕಟ್ಟುಗಳನ್ನು ಪರೀಕ್ಷಿಸಬೇಕೆಂಬ ವಿಧಿಯು 2021ರ ಅಣೆಕಟ್ಟು ಸುರಕ್ಷಾ ಶಾಸನದಲ್ಲಿ ಅದಾಗಲೇ ಇದ್ದಿತು. ವಿಧಿಯಿದ್ದೂ ಸರಪಳಿ ಕಡಿಯಬಹುದೆಂಬುದನ್ನು ಈ ಘಟನೆಯು ತೋರಿಸಿತು. ಕಡಿದ ಸರಪಳಿಯನ್ನು ಕುರಿತು ಬಲಿಯ ಮಾತನ್ನಾಡದೆ, ಅದರ ವಯಸ್ಸೆಷ್ಟು, ನೋಡಿದವರಾರು ಎಂದು ಜನರು ಪ್ರಶ್ನಿಸಿದುದು ಪಾಯೆಸನ ಕಾಲಕ್ಕೂ ಈ ಕಾಲಕ್ಕೂ ಇರುವ ಭೇದವನ್ನು ತೋರಿಸಿತು.

ಸರಪಳಿಯು ಬಾಗಿಲನ್ನು ಹಿಡಿಯುವಂತೆ ಕೊಂಡಿಯು ಮನುಷ್ಯನನ್ನು ಹಿಡಿಯುತ್ತದೆ. ಬಾಗಿಲು ಹೋದರೆ ನಾಡೆಲ್ಲ ಅರಿಯುತ್ತದೆ. ಸಾರುವೆಯಿಂದ ಒಬ್ಬನು ಬಿದ್ದರೆ ಅವನ ಮನೆಯು ಅರಿಯುತ್ತದೆ. ಪೂರ್ವಿಕರು ಕಟ್ಟೆಗೆ ಕಟ್ಟುಗೊಡಗೆಯನ್ನು ಬಿಟ್ಟು ಅದನ್ನು ಕಾಪಾಡಿದರು. ಕಟ್ಟೆಯನ್ನು ಕಟ್ಟುವವನಿಗೂ ಅಷ್ಟೇ ಎಚ್ಚರವು ಸಲ್ಲತಕ್ಕದ್ದೆಂಬುದು ಈ ಪರೀಕ್ಷಾಪದ್ಧತಿಯ ಸಾರವೆಂದು ಹೇಳಬಹುದಾಗಿದೆ.