ಬೇಸ್‌ಮೆಂಟಿನಲ್ಲಿ ಯಾರಿದ್ದಾರೆ?

ಟೊರಾಂಟೋದ ಪಶ್ಚಿಮದಲ್ಲಿ, ಹಂಬರ್ ನದಿಯ ದಂಡೆಯ ಮೇಲೆ ರೇಮೋರ್ ಪಾರ್ಕ್ ಇದೆ. ಹುಲ್ಲು, ಮರ, ನಾಯಿ ಅಡ್ಡಾಡಿಸುವವರು, ಬೇಸಿಗೆಯ ಭಾನುವಾರ ಬುತ್ತಿ ಬಿಚ್ಚುವ ಕುಟುಂಬಗಳು. 1954ರ ಅಕ್ಟೋಬರ್ 15ರವರೆಗೆ ಇಲ್ಲಿ ಮನೆಗಳ ಸಾಲಿತ್ತು. ಆ ರಾತ್ರಿ ಹೇಜಲ್ ಚಂಡಮಾರುತದ ಮಳೆಗೆ ಹಂಬರ್ ಉಕ್ಕಿ, ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನರನ್ನು ಕೊಚ್ಚಿಕೊಂಡು ಹೋಯಿತು. ಒಂಟಾರಿಯೊದಲ್ಲಿ ಸತ್ತವರು ಒಟ್ಟು 81.

ಒಂದು ಊರಿಗೆ ಯಾವ ಕಡೆಯಿಂದ ಆಪತ್ತು ಬಂದೀತು, ಅಲ್ಲಿ ಇರುವವರು ಯಾರು ಎಂದು ಮುಂಚೆಯೇ ಬರೆದಿಡುವ ವಿದ್ಯೆ ಈ ಪ್ರದೇಶದಲ್ಲಿ ಗಂಭೀರವಾಗಿ ಶುರುವಾದದ್ದು ಆ ರಾತ್ರಿಯ ನಂತರ. ಆದರೆ ಪ್ರಶ್ನೆಯ ಮೊದಲರ್ಧಕ್ಕೆ ಸಿಕ್ಕ ಗಮನ ಎರಡನೆಯದಕ್ಕೆ ಬಹಳ ಕಾಲ ಸಿಗಲಿಲ್ಲ.

ನದಿ ಪಾತ್ರಗಳನ್ನು ನೋಡಿಕೊಳ್ಳುವ ಪ್ರಾಧಿಕಾರಗಳಿಗೆ ಕಾನೂನು 1946ರಲ್ಲೇ ಇತ್ತು. ಹೇಜಲ್ ಆದ ಮೇಲೆ, 1957ರಲ್ಲಿ, ಟೊರಾಂಟೋ ಸುತ್ತಲಿನವು ಒಂದಾದವು. 1959ರಲ್ಲಿ ಪ್ರವಾಹ ನಿಯಂತ್ರಣದ ಯೋಜನೆ ಬಂತು. ಅಣೆಕಟ್ಟುಗಳನ್ನೇನೋ ಕಟ್ಟಿದರು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕೆಲಸವೆಂದರೆ ಕಣಿವೆಯ ಜಮೀನನ್ನು ಕೊಂಡು ಖಾಲಿ ಬಿಟ್ಟದ್ದು. ಹೇಜಲ್ಲಿನ ಮಳೆಯನ್ನೇ, ಅಂದರೆ 12 ಗಂಟೆಗಳಲ್ಲಿ 212 ಮಿಲಿಮೀಟರನ್ನು, ಅಳತೆಗೋಲು ಮಾಡಿಕೊಂಡು ನಕ್ಷೆಯ ಮೇಲೆ ಗೆರೆ ಎಳೆದರು: ಇಷ್ಟರವರೆಗೆ ನೀರಿನದು, ಆಚೆಗೆ ಮನುಷ್ಯರದು. ಕೆರೆಯಂಗಳವನ್ನೇ ಲೇಔಟ್ ಮಾಡಿದ ಬೆಂಗಳೂರಿನಿಂದ ಬಂದವರಿಗೆ ಈ ಗೆರೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಟೊರಾಂಟೋದ ನೆರೆಯ ಬ್ರಾಂಪ್ಟನ್ನಿನವರಂತೂ ಹೇಜಲ್ಲಿಗೆ ಕಾಯಲೇ ಇಲ್ಲ. 1948ರಲ್ಲಿ ಎಟೊಬಿಕೋಕ್ ತೊರೆ ಪೇಟೆಯೊಳಕ್ಕೆ ನುಗ್ಗಿದಾಗಲೇ ಎಚ್ಚೆತ್ತು, 1952ರ ಹೊತ್ತಿಗೆ ತೊರೆಯನ್ನು ಕಾಂಕ್ರೀಟ್ ಕಾಲುವೆಗೆ ತಿರುಗಿಸಿದ್ದರು.

ಹೀಗೆ ಆಪತ್ತಿನ ಮೊದಲ ಚಿತ್ರದಲ್ಲಿ ಇದ್ದದ್ದೆಲ್ಲ ನದಿ. ಊರು ಅದರ ಅಂಚಿನಲ್ಲಿ ಎಲ್ಲೋ ಇತ್ತು.

ಎರಡನೆಯ ಪಾಠ ರೈಲಿನಲ್ಲಿ ಬಂತು. 1974ರಲ್ಲಿ ಟೊರಾಂಟೋದ ಪಶ್ಚಿಮಕ್ಕಿದ್ದ ಹಳೆಯ ಪೀಲ್ ಕೌಂಟಿ ಹೋಗಿ ಪೀಲ್ ರೀಜನ್ ಆಯಿತು, ಅದರೊಳಗಿನ ಮಿಸ್ಸಿಸಾಗ ನಗರವಾಯಿತು. ಐದು ವರ್ಷ ಕಳೆದು, 1979ರ ನವೆಂಬರ್ 10ರ ನಡುರಾತ್ರಿಗೆ ಸ್ವಲ್ಪ ಮೊದಲು, ಮೇವಿಸ್ ರಸ್ತೆಯ ಬಳಿ ಗೂಡ್ಸ್ ರೈಲೊಂದು ಹಳಿ ತಪ್ಪಿತು. ಪ್ರೋಪೇನ್ ಸಿಡಿಯಿತು, ಕ್ಲೋರಿನ್ ಟ್ಯಾಂಕರ್ ಸೋರತೊಡಗಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಒಬ್ಬರೂ ಸಾಯಲಿಲ್ಲ. ಆಗಿನ ಮೇಯರ್ ಹೇಜಲ್ ಮೆಕ್ಯಾಲಿಯನ್. ಜನ ಅವರಿಗೆ ಇಟ್ಟ ಅಡ್ಡಹೆಸರು ‘ಹರಿಕೇನ್ ಹೇಜಲ್’. ಚಂಡಮಾರುತದ ಹೆಸರು ಹೊತ್ತವರೇ ಊರು ಖಾಲಿ ಮಾಡಿಸಬೇಕಾಗಿ ಬಂದದ್ದು ವಿಚಿತ್ರ.

ಟೊರಾಂಟೋ ವಿಶ್ವವಿದ್ಯಾಲಯದ ಇಯಾನ್ ಬರ್ಟನ್ ಮತ್ತು ಸಂಗಡಿಗರು ಈ ಸ್ಥಳಾಂತರವನ್ನು ಅಧ್ಯಯನ ಮಾಡಿ 1981ರಲ್ಲಿ ವರದಿ ಕೊಟ್ಟರು. ನಕ್ಷೆಯಲ್ಲಿ ಕಾಣದ ಮನುಷ್ಯರು ಆಗ ಅಧ್ಯಯನದ ನಡುವಿಗೆ ಬಂದರು. ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ವರದಿ ಅದೇ 1979ರದು: ಮೆಟ್ರೊಪಾಲಿಟನ್ ಟೊರಾಂಟೋದ ಸೋಷಿಯಲ್ ಪ್ಲಾನಿಂಗ್ ಕೌನ್ಸಿಲ್ ಉಪನಗರಗಳ ಬದಲಾವಣೆಯ ಮೇಲೆ ಬರೆದದ್ದು. ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ಕಾರು ಎಂದು ಲೆಕ್ಕ ಹಾಕಿ ಕಟ್ಟಿದ ಬಡಾವಣೆಗಳಿಗೆ ವಲಸಿಗರು, ಒಂಟಿ ತಾಯಂದಿರು, ಬಾಡಿಗೆಯವರು ಬಂದಾಗಿದೆ, ಸೌಲಭ್ಯಗಳು ಮಾತ್ರ ಬಂದಿಲ್ಲ ಎಂಬುದು ಅದರ ಸಾರ. ಆದರೆ ಒಂದನ್ನು ಸಮಾಜ ಸೇವೆಯವರು ಓದಿದರು, ಇನ್ನೊಂದನ್ನು ವಿಪತ್ತಿನವರು. ಎರಡೂ ಒಂದೇ ಬಗೆಯ ಬೀದಿಗಳ ಕಥೆ ಎಂಬುದು ಹೊಳೆಯಲು ಕಾಲು ಶತಮಾನವೇ ಬೇಕಾಯಿತು.

2003ರಲ್ಲಿ ಸಾರ್ಸ್ ಬಂತು, ಆಗಸ್ಟ್ 14ರಂದು ಕರೆಂಟ್ ಹೋಗಿ ಒಂಟಾರಿಯೊದ ಬಹುಭಾಗ ಕತ್ತಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊಸ ಕಾನೂನು ಜಾರಿಗೆ ಬಂದು, ಪ್ರತಿಯೊಂದು ಪುರಸಭೆಯೂ ತನ್ನ ಆಪತ್ತುಗಳನ್ನು ಗುರುತಿಸಿ ತೂಗಿನೋಡಬೇಕು ಎಂದಿತು. ಅಮೆರಿಕದ ಕೌಂಟಿಗಳಿಗೆ ಇಂಥ ಯೋಜನೆಗಳ ಕಟ್ಟಳೆಯನ್ನು 2000ದ ಕಾನೂನು ತಂದಿತ್ತು. ನಮ್ಮ ಭಾರತದ ಜಿಲ್ಲೆಗಳಿಗೆ 2005ರದು ತಂದಿತು. ಮೂರೂ ಕಡೆಯ ದಸ್ತಾವೇಜುಗಳಲ್ಲಿ ‘ಸಮುದಾಯದ ಪರಿಚಯ’ ಎಂಬ ಭಾಗ ಸಾಮಾನ್ಯ. ಅದನ್ನು ಓದುವುದೆಂದರೆ ಹೊಟ್ಟು ಕುಟ್ಟಿದಂತೆ: ಜನಸಂಖ್ಯೆ ಇಷ್ಟು, ಶಾಲೆ ಇಷ್ಟು, ಹೆದ್ದಾರಿ ಇಷ್ಟು. ಯಾರಿಗೆ ಕಾರಿಲ್ಲ, ಯಾವ ಮನೆಯ ಅಜ್ಜಿಗೆ ಪಂಜಾಬಿಯೋ ಕನ್ನಡವೋ ಬಿಟ್ಟು ಬೇರೆ ಮಾತು ಬಾರದು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಈ ನಡುವೆ ನೀರೇ ಗೆರೆ ದಾಟಿತು. 2005ರ ಆಗಸ್ಟ್ 19ರಂದು ಬ್ಲ್ಯಾಕ್ ಕ್ರೀಕ್ ಫಿಂಚ್ ಅವೆನ್ಯೂ ರಸ್ತೆಯನ್ನೇ ಕಿತ್ತುಕೊಂಡು ಹೋಯಿತು. 2009ರಲ್ಲಿ ಮಿಸ್ಸಿಸಾಗದ ಕುಕ್ಸ್‌ವಿಲ್ ತೊರೆ ಉಕ್ಕಿತು. 2013ರ ಜುಲೈ 8ರ ಸಂಜೆ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ಸುರಿದು, ಜನರನ್ನು ಮನೆಗೆ ಹೊತ್ತು ಹೊರಟಿದ್ದ ‘ಗೋ’ ಉಪನಗರ ರೈಲು ಡಾನ್ ಕಣಿವೆಯಲ್ಲಿ ನೀರಿನ ನಡುವೆ ನಿಂತುಬಿಟ್ಟಿತು. ಮರುವರ್ಷ ಬರ್ಲಿಂಗ್ಟನ್ನಿನ ಸರದಿ. ಎಷ್ಟೋ ಮನೆಗಳಿಗೆ ನೀರು ನದಿಯಿಂದ ಬರಲಿಲ್ಲ. ಬೇಸ್‌ಮೆಂಟಿನ ನೆಲದ ಚರಂಡಿಯಿಂದಲೇ ಮೇಲೆದ್ದಿತು. ನದಿ ಕಣ್ಣಿಗೇ ಬೀಳದ ಬೀದಿಗಳವರೂ ಒದ್ದೆ ಕಾರ್ಪೆಟ್ ಹೊತ್ತು ಹೊರಗೆ ಹಾಕಿದರು.

ಮಿಸ್ಸಿಸಾಗ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. 2016ರಿಂದ ಮಳೆನೀರಿಗೆ ಪ್ರತ್ಯೇಕ ಶುಲ್ಕ. ಮನೆಗಾದರೆ ಸೂರಿನ ವಿಸ್ತಾರದ ಮೇಲೆ. ಹೀಗೆ ಪ್ರತಿ ಮನೆಯ ನೆತ್ತಿಯ ಅಳತೆ ನಗರಕ್ಕೆ ಸಿಕ್ಕಿತು, ಬುಡದ್ದು ಸಿಗಲಿಲ್ಲ. ಅತ್ತ ನದಿ ಪ್ರಾಧಿಕಾರವೂ ಬೀದಿಗೆ ಇಳಿದು, ಬಡಾವಣೆಗೊಂದು ಯೋಜನೆ ಎಂದು ಹೊರಟಿತು. ಬ್ರಾಂಪ್ಟನ್ನಿನ ಕೌಂಟಿ ಕೋರ್ಟ್ ಬಡಾವಣೆಯಲ್ಲಿ ಹಿತ್ತಲಿನ ತೋಟ, ಮಳೆಪೀಪಾಯಿಗಳಿಂದ ಶುರುಮಾಡಿ ನೆರೆಹೊರೆಯವರನ್ನು ಸೇರಿಸಿತು. ನನಗೆ ಕಂಡಂತೆ ಈ ಕ್ಷೇತ್ರದಲ್ಲಿ ಜೀವವಿರುವ ಬರವಣಿಗೆ ಹುಟ್ಟಿರುವುದು ಇಂಥ ಕಡೆಯೇ. ಜನರೊಡನೆ ಮಾತಾಡದೆ ಇಂಥ ಯೋಜನೆ ಬರೆಯಲಾಗದು.

ಬೇಸ್‌ಮೆಂಟಿನ ಮಾತು ಎತ್ತಿದ್ದಕ್ಕೆ ಕಾರಣವಿದೆ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಎಷ್ಟೋ ಜನರ ಮೊದಲ ವಿಳಾಸ ಅದು: ಪಕ್ಕದ ಬಾಗಿಲು, ಏಳೆಂಟು ಮೆಟ್ಟಿಲು, ನೆಲಮಟ್ಟಕ್ಕೆ ಒಂದು ಗೇಣು ಕಿಟಕಿ. ಮನೆ ಕೊಂಡ ಮೇಲೆ ಸಾಲದ ಕಂತಿಗೆಂದು ಅವರೇ ಕೆಳಗೆ ವಿದ್ಯಾರ್ಥಿಗಳನ್ನು ಇರಿಸಿಕೊಳ್ಳುತ್ತಾರೆ. ಆ ಬೇಸ್‌ಮೆಂಟನ್ನು ನಗರಸಭೆಯಲ್ಲಿ ನೋಂದಣಿ ಮಾಡಿಸಿದವರು ಕೆಲವರು, ಮಾಡಿಸದವರು ಹಲವರು. 2021ರ ಜನಗಣತಿ ಬ್ರಾಂಪ್ಟನ್ನಿಗೆ 6,56,480 ಎಂದು ಬರೆದುಕೊಂಡಿತು. ಕಾಗದದಲ್ಲೇ ಇಲ್ಲದ ಕೋಣೆಯಲ್ಲಿ ಮಲಗುವವರು ಆ ಎಣಿಕೆಯಲ್ಲಿ ಎಷ್ಟರಮಟ್ಟಿಗೆ ಸೇರಿದ್ದಾರೋ! 2024ರ ಜುಲೈ 16ರಂದು ಪಿಯರ್ಸನ್‌ನಲ್ಲಿ ಮತ್ತೆ 97.8 ಮಿಲಿಮೀಟರ್ ಸುರಿಯಿತು. ತಿಂಗಳೊಪ್ಪತ್ತಿನಲ್ಲಿ, ಆಗಸ್ಟ್ 17ರಂದು, ಅದನ್ನೂ ಮೀರಿಸಿತು.

ಅದೇ ವರ್ಷದ ಆರಂಭದಲ್ಲಿ ಬ್ರಾಂಪ್ಟನ್ ನಗರಸಭೆ ಐದು ವಾರ್ಡುಗಳಲ್ಲಿ ಬಾಡಿಗೆ ಮನೆಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಪ್ರಯೋಗಕ್ಕೆ ಕೈಹಾಕಿತ್ತು. ಮನೆಮಾಲೀಕರು ಫಲಕ ಹಿಡಿದು ಬೀದಿಗಿಳಿದರು. ಬಾಡಿಗೆಗಿದ್ದವರಿಗೆ ಇನ್ನೊಂದು ಭಯ: ತಪಾಸಣೆಗೆ ಬಂದವರು ಕೋಣೆ ಸರಿಯಿಲ್ಲವೆಂದರೆ ಗಂಟುಮೂಟೆ ಕಟ್ಟಬೇಕಾದವರು ತಾವೇ. ಅಧಿಕಾರಿ ಬಾಗಿಲು ತಟ್ಟಿ, ಕೆಳಗೆ ಎಷ್ಟು ಜನ ಇದ್ದೀರಿ ಎಂದು ಕೇಳಿದರೆ, ‘ಯಾರೂ ಇಲ್ಲ’ ಎಂದುಬಿಡುವುದೇ ಮೇಲಿನವರಿಗೂ ಕೆಳಗಿನವರಿಗೂ ಅನುಕೂಲ.