ಹೊಗೆ ಹೋಗುವ ದಾರಿ: ಯೆಜ್ಡಿಯಿಂದ ರೈಲು ಎಂಜಿನ್‌ವರೆಗೆ

ಚಿತ್ರದುರ್ಗ, ಹಿರಿಯೂರಿನ ರಸ್ತೆಗಳಲ್ಲಿ ಯೆಜ್ಡಿ ಬೈಕ್ ಬರುವುದು ಸದ್ದಿನಿಂದಲೇ ಗೊತ್ತಾಗುತ್ತಿತ್ತು, ಹೋದದ್ದು ಹೊಗೆಯಿಂದ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೂರು ವರ್ಷಗಳ ನಂತರ, 1999ರಲ್ಲಿ, ಜನರಲ್ ಮೋಟಾರ್ಸ್ ವಿನ್ಯಾಸದ 4000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ರೈಲು ಎಂಜಿನ್‌ಗಳು ಹುಬ್ಬಳ್ಳಿಯ ಡೀಸೆಲ್ ಶೆಡ್‌ಗೆ ಬಂದವು. ಹೊಸದುರ್ಗ ರೋಡ್ ಮತ್ತು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ನಿಲ್ದಾಣಗಳಲ್ಲಿ ಇವುಗಳ ಗುಡುಗು ಪರಿಚಿತವಾಯಿತು.

ವಿಚಿತ್ರವೆಂದರೆ ಎರಡೂ ಟೂ-ಸ್ಟ್ರೋಕ್ ಎಂಜಿನ್‌ಗಳೇ. ಹೊಗೆಯ ದೂರು ಹೊತ್ತು ಬೈಕುಗಳಿಂದ ಮರೆಯಾಗುತ್ತಿದ್ದ ತಂತ್ರಕ್ಕೆ ರೈಲಿನಲ್ಲಿ ಸ್ವಾಗತ ಸಿಕ್ಕಿದ್ದೇಕೆ?

ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆಯನ್ನು ಹೊರದೂಡಲೆಂದೇ ಪಿಸ್ಟನ್ ಒಮ್ಮೆ ಮೇಲೇರುತ್ತದೆ. ಟೂ-ಸ್ಟ್ರೋಕ್‌ಗೆ ಅಷ್ಟು ಪುರುಸೊತ್ತಿಲ್ಲ. ಯೆಜ್ಡಿಯ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆದು ಒತ್ತಡ ಇಳಿಯುತ್ತದೆ. ಆಮೇಲೆ ಇನ್ನೊಂದು ಕಿಂಡಿಯಿಂದ ಪೆಟ್ರೋಲ್ ಬೆರೆತ ಗಾಳಿ ನುಗ್ಗಿ ಉಳಿದ ಹೊಗೆಯನ್ನು ದೂಡುತ್ತದೆ. ಆಗ ಎರಡೂ ಕಿಂಡಿಗಳು ತೆರೆದಿರುವುದರಿಂದ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರ್ ಸೇರುತ್ತದೆ. ಪೆಟ್ರೋಲ್‌ಗೆ ಬೆರೆಸಿದ ಆಯಿಲ್ ಕೂಡ ಹೊಗೆಯಾಗುತ್ತದೆ.

ಡೀಸೆಲ್ ಎಂಜಿನ್ ಗೆದ್ದಿರುವುದು ಇಲ್ಲಿಯೇ. ಅದರೊಳಗೆ ನುಗ್ಗುವುದು ಬರೀ ಗಾಳಿ. ಹೊಗೆಯ ದಾರಿ ಮುಚ್ಚಿ, ಗಾಳಿ ಒತ್ತಿ ಬಿಸಿಯಾದ ಮೇಲಷ್ಟೇ ಡೀಸೆಲ್ ಸಿಂಪಡಣೆ. ಹೀಗಾಗಿ ಸೋರಿ ಹೋದರೂ ಗಾಳಿಯೇ ಹೊರತು ಇಂಧನವಲ್ಲ.

ಡೀಸೆಲ್‌ನಲ್ಲೂ ಹೊಗೆಯ ದಾರಿ ಒಂದೇ ಬಗೆಯದಲ್ಲ. ಜರ್ಮನಿಯ ಯೂಂಕರ್ಸ್ ವಿಮಾನ ಎಂಜಿನ್‌ನ ಒಂದೇ ಸಿಲಿಂಡರಿನಲ್ಲಿ ಎದುರುಬದುರು ಎರಡು ಪಿಸ್ಟನ್‌ಗಳಿದ್ದವು; ಒಂದು ಗಾಳಿಯ ಕಿಂಡಿಗಳನ್ನು, ಇನ್ನೊಂದು ಹೊಗೆಯ ಕಿಂಡಿಗಳನ್ನು ತೆರೆಯುತ್ತಿತ್ತು. ಹುಬ್ಬಳ್ಳಿಗೆ ಬಂದ ಎಂಜಿನ್‌ನಲ್ಲಿ ಕೆಳಗಿನ ಕಿಂಡಿಗಳು ಗಾಳಿಗೆ ಮಾತ್ರ. ಹೊಗೆಗೆ ಪ್ರತಿ ಸಿಲಿಂಡರಿನ ನೆತ್ತಿಯಲ್ಲಿ ನಾಲ್ಕು ಕವಾಟಗಳು. 16 ಸಿಲಿಂಡರಿಗೆ ಒಟ್ಟು 64. ಗಾಳಿ ಕೆಳಗಿನಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಗುಡಿಸಿಕೊಂಡು ಹೋಗುವುದರಿಂದ ಹೊಗೆ ಮೂಲೆಯಲ್ಲಿ ಉಳಿಯುವುದು ಕಡಿಮೆ.

ಆದರೆ ಈ ಎಂಜಿನ್ ತಾನಾಗಿ ಉಸಿರೆಳೆದುಕೊಳ್ಳಲಾರದು. ಶುರುವಿನಲ್ಲಿ ಟರ್ಬೊ ಯಂತ್ರವನ್ನು ಗೇರುಗಳೇ ತಿರುಗಿಸಿ ಗಾಳಿ ಊದಿಸುತ್ತವೆ. ಭಾರ ಹೆಚ್ಚಿದಾಗ ಹೊರಹೋಗುವ ಬಿಸಿ ಹೊಗೆಯೇ ಆ ಕೆಲಸ ವಹಿಸಿಕೊಳ್ಳುತ್ತದೆ. ಬೈಕಿನಲ್ಲಿ ಪೀಡೆಯೆನಿಸಿದ ಹೊಗೆ ಇಲ್ಲಿ ದುಡಿಯುವ ಆಳು.

ರೈಲು ಮಾರ್ಗಗಳಿಗೆ ವಿದ್ಯುತ್ ತಂತಿ ಬಂದಂತೆ ಡೀಸೆಲ್ ಎಂಜಿನ್‌ಗಳಿಗೆ ಕೆಲಸ ಕಡಿಮೆಯಾಗುತ್ತಿದೆ. ಆದರೂ ಸಾಗರ ದಾಟುವ ದೊಡ್ಡ ಸರಕು ಹಡಗುಗಳ ಹೊಟ್ಟೆಯಲ್ಲಿ ಇಂದಿಗೂ ಹೆಚ್ಚಾಗಿ ಉಸಿರಾಡುತ್ತಿರುವುದು ಟೂ-ಸ್ಟ್ರೋಕ್ ಡೀಸೆಲ್ಲೇ.